ಉಪ್ಪಿನ ಜೊತೆಗೆ ಸಕ್ಕರೆ ಯಾಕೆ?

ಓಆರ್‌ಎಸ್ ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತದೆ. ಒಂದು ಲೀಟರ್ ನೀರಿಗೆ ಅಡುಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಭೇದಿಯಾಗಿ ಸುಸ್ತಾದವರಿಗೆ ನೀರು ಬೇಕು, ಸರಿ. ನೀರಿನ ಜೊತೆ ಉಪ್ಪೂ ಹೊರಗೆ ಹೋಗಿರುತ್ತದೆ, ಅದೂ ಬೇಕು. ಆದರೆ ಗ್ಲೂಕೋಸ್ ಯಾಕೆ? ಯಾರನ್ನು ಕೇಳಿದರೂ 'ಶಕ್ತಿಗೆ' ಎನ್ನುತ್ತಾರೆ. ಹದಿಮೂರೂವರೆ ಗ್ರಾಂ ಗ್ಲೂಕೋಸಿನಿಂದ ಸಿಗುವುದು ಸುಮಾರು 50 ಕ್ಯಾಲೊರಿ. ಒಂದು ಇಡ್ಲಿಯಲ್ಲೂ ಹೆಚ್ಚುಕಮ್ಮಿ ಅಷ್ಟಿರುತ್ತದೆ. ಅಷ್ಟಕ್ಕಾಗಿ ಯಾರೂ ಅದನ್ನು ಅಳೆದು ತೂಗಿ ಬೆರೆಸುತ್ತಿರಲಿಲ್ಲ.

ಅಲ್ಲಿ ಗ್ಲೂಕೋಸ್ ಇರುವುದು ಉಪ್ಪನ್ನು ದೇಹದ ಒಳಕ್ಕೆ ಕರೆದೊಯ್ಯುವುದಕ್ಕೆ. ಕಾಲರಾ ರೋಗಿಗೆ ಬರೀ ಉಪ್ಪುನೀರು ಕುಡಿಸಿದರೆ ಅದು ಒಳಗೆ ನಿಲ್ಲುವುದಿಲ್ಲ, ಭೇದಿ ಇನ್ನಷ್ಟು ಹೆಚ್ಚುತ್ತದೆ. ಅದೇ ನೀರಿಗೆ ಸರಿಯಾದ ಪ್ರಮಾಣದಲ್ಲಿ ಗ್ಲೂಕೋಸ್ ಬೆರೆಸಿದರೆ ಉಪ್ಪು, ಗ್ಲೂಕೋಸ್ ಎರಡೂ ರಕ್ತಕ್ಕೆ ಸೇರುತ್ತವೆ, ಹಿಂದೆಯೇ ನೀರೂ ಹೋಗುತ್ತದೆ. ಹೀಗಾಗುವುದಕ್ಕೆ ಕಾರಣ ಹುಡುಕುತ್ತಾ ಹೋದರೆ ನಾವು ಕರುಳಿನ ಒಳಗೋಡೆಯ ಒಂದೊಂದು ಜೀವಕೋಶದ ಹತ್ತಿರ ಹೋಗಿ ನಿಲ್ಲುತ್ತೇವೆ. ಜೀವಕೋಶ ಹೇಗಿದೆ, ಏನು ಮಾಡುತ್ತದೆ ಎಂದು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹೈಸ್ಕೂಲಿನಲ್ಲಿ ನಾವೆಲ್ಲ ಬಿಡಿಸಿದ ಚಿತ್ರವೊಂದಿದೆ. ಮೊಟ್ಟೆಯಾಕಾರದ ಗೆರೆ, ನಡುವೆ ಕೋಶಕೇಂದ್ರ, ಸುತ್ತಲೂ ಮೂರೋ ನಾಲ್ಕೋ ಮೈಟೊಕಾಂಡ್ರಿಯ, ಒಂದು ಮೂಲೆಯಲ್ಲಿ ಗಾಲ್ಗಿ, ಪ್ರತಿಯೊಂದಕ್ಕೂ ಸ್ಕೇಲಿಟ್ಟು ಎಳೆದ ಗೆರೆ, ಗೆರೆಯ ತುದಿಗೆ ಹೆಸರು. ಹೆಸರು ತಪ್ಪದಿದ್ದರೆ ಪೂರ್ತಿ ಅಂಕ. ಆ ಚಿತ್ರದ ಮೇಲೆ ನನ್ನದೊಂದು ತಕರಾರಿದೆ. ಅದರಲ್ಲಿ ಎಲ್ಲರ ಗಮನ ಒಳಗಿನ ಸಾಮಾನಿನ ಮೇಲೆ. ಹೊರಗಿನ ಗೆರೆಯನ್ನು ಮಾತ್ರ ಪೆನ್ಸಿಲ್ಲಿನಿಂದ ಒಂದೇ ಸುತ್ತಿಗೆ ಎಳೆದು ಮುಗಿಸಿಬಿಡುತ್ತೇವೆ. ಜೀವಕೋಶದ ಪಾಠ ಶುರುವಾಗಬೇಕಾದದ್ದೇ ಆ ಗೆರೆಯಿಂದ. ಒಳಗೆ ಇರುವುದಕ್ಕೂ ಹೊರಗೆ ಇರುವುದಕ್ಕೂ ಒಂದು ವ್ಯತ್ಯಾಸ ಉಳಿಸಿಕೊಂಡಿರುವವರೆಗೆ ಮಾತ್ರ ಕೋಶ ಬದುಕಿರುತ್ತದೆ. ಮಿಕ್ಕ ಸಾಮಾನಿನಲ್ಲಿ ಬಹುಪಾಲು ಆ ವ್ಯತ್ಯಾಸದ ಖರ್ಚು ನಿಭಾಯಿಸುವುದಕ್ಕೆ ದುಡಿಯುತ್ತಿರುತ್ತದೆ.

ಇತಿಹಾಸವನ್ನು ಬೇಗ ಮುಗಿಸಿಬಿಡೋಣ. 1665ರಲ್ಲಿ ರಾಬರ್ಟ್ ಹುಕ್ ಬಿರಡೆಯ ತೆಳು ಸೀಳಿನಲ್ಲಿ ಸಾಲುಸಾಲು ಖಾಲಿ ಗೂಡುಗಳನ್ನು ಕಂಡ. ಅವು ಸತ್ತ ಕೋಶಗಳ ಗೋಡೆಗಳು. ಸಸ್ಯಗಳೆಲ್ಲ ಕೋಶಗಳಿಂದಾಗಿವೆ ಎಂದು ಶ್ಲೈಡನ್ 1838ರಲ್ಲೂ ಪ್ರಾಣಿಗಳೂ ಹಾಗೇ ಎಂದು ಶ್ವಾನ್ 1839ರಲ್ಲೂ ಹೇಳಿದರು. ಕೋಶ ಹುಟ್ಟುವುದು ಇನ್ನೊಂದು ಕೋಶದಿಂದ ಮಾತ್ರ ಎಂಬ ಮಾತನ್ನು 1850ರ ದಶಕದಲ್ಲಿ ರುಡಾಲ್ಫ್ ವಿರ್ಕೋ ಎಲ್ಲರೂ ಒಪ್ಪುವಂತೆ ಮಾಡಿದ. ಇದಿಷ್ಟು ಸಾಕು, ಕರುಳಿಗೆ ಬರೋಣ.

ಸಣ್ಣಕರುಳಿನ ಒಳಮೈಯಲ್ಲಿ ಅರ್ಧದಿಂದ ಒಂದು ಮಿಲಿಮೀಟರ್ ಎತ್ತರದ ಚಾಚುಗಳು ಒತ್ತೊತ್ತಾಗಿ ನಿಂತಿವೆ. ಇವಕ್ಕೆ ವಿಲ್ಲೈ ಎನ್ನುತ್ತಾರೆ. ವಿಲ್ಲೈಗಳ ಬುಡದಲ್ಲಿ ಕಿರಿದಾದ ಹಳ್ಳಗಳು. ಚಾಚು, ಹಳ್ಳ ಎರಡನ್ನೂ ಸೇರಿಸಿ ಮುಚ್ಚಿರುವುದು ಜೀವಕೋಶಗಳ ಒಂದೇ ಒಂದು ಪದರ. ನೀವು ತಿಂದ ಅನ್ನ ಸಾರು, ಅದರ ಜೊತೆ ಒಳಹೊಕ್ಕ ಬ್ಯಾಕ್ಟೀರಿಯ ಎಲ್ಲ ಒಂದು ಕಡೆ, ನಿಮ್ಮ ರಕ್ತ ಇನ್ನೊಂದು ಕಡೆ. ನಡುವಿನ ಮುಖ್ಯ ತಡೆ ಒಂದು ಕೋಶದ ದಪ್ಪ, ಅಂದರೆ ಮಿಲಿಮೀಟರಿನ ನಲವತ್ತನೇ ಒಂದು ಭಾಗ.

ಈ ಕೋಶಗಳದ್ದು ಕಂಬದ ಆಕಾರ. ತಲೆ ಕರುಳಿನ ಟೊಳ್ಳಿನ ಕಡೆ, ಬುಡ ರಕ್ತದ ಕಡೆ. ತಲೆಯ ಪೊರೆ ಸಪಾಟಾಗಿಲ್ಲ. ಅದು ಸಾವಿರಾರು ಸೂಕ್ಷ್ಮ ಚಾಚುಗಳಾಗಿ ಮೇಲೆದ್ದಿದೆ. ಒಂದೊಂದರ ಎತ್ತರ ಸುಮಾರು ಒಂದು ಮೈಕ್ರೋಮೀಟರ್. ಆಹಾರ ಹೀರುವುದಕ್ಕೆ ಜಾಗ ಎಷ್ಟಿದ್ದರೂ ಕಡಿಮೆಯೇ, ಅದಕ್ಕೆ ಈ ಏರ್ಪಾಡು. ಅಕ್ಕಪಕ್ಕದ ಕೋಶಗಳು ಕತ್ತಿನ ಮಟ್ಟದಲ್ಲಿ ಒಂದಕ್ಕೊಂದು ಪ್ರೋಟೀನಿನ ಹೊಲಿಗೆ ಹಾಕಿಕೊಂಡಿವೆ. ಈ ಹೊಲಿಗೆಯಿಂದ ಎರಡು ಲಾಭ. ಕೋಶಗಳ ಸಂದಿಯಲ್ಲಿ ಸಿಕ್ಕಿದ್ದೆಲ್ಲ ನುಸುಳುವಂತಿಲ್ಲ. ಜೊತೆಗೆ ಪೊರೆಯಲ್ಲಿ ತೇಲುವ ಪ್ರೋಟೀನುಗಳು ಹೊಲಿಗೆಯನ್ನು ದಾಟಿ ತಲೆಯಿಂದ ಪಕ್ಕಕ್ಕೋ ಬುಡಕ್ಕೋ ಜಾರುವಂತಿಲ್ಲ. ಹಾಗಾಗಿ ಒಂದೇ ಕೋಶದ ತಲೆಯ ಪೊರೆಗೂ ಬುಡದ ಪೊರೆಗೂ ಬೇರೆ ಬೇರೆ ಕೆಲಸ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ.

ಪೊರೆ ಯಾವುದರಿಂದ ಆಗಿದೆ? 1925ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಎವರ್ಟ್ ಗಾರ್ಟರ್ ಎಂಬ ಮಕ್ಕಳ ವೈದ್ಯ ತನ್ನ ಸಹೋದ್ಯೋಗಿ ಗ್ರೆಂಡೆಲ್ ಜೊತೆ ಸೇರಿ ಇದನ್ನು ಅಳೆಯಲು ಹೊರಟ. ಅವರು ಆರಿಸಿಕೊಂಡದ್ದು ಕೆಂಪು ರಕ್ತಕಣವನ್ನು. ಜಾಣ ಆಯ್ಕೆ. ಮನುಷ್ಯನ, ನಾಯಿಯ, ಕುರಿಯ ಬೆಳೆದ ಕೆಂಪುಕಣಗಳಲ್ಲಿ ಕೋಶಕೇಂದ್ರ ಇಲ್ಲ, ಮೈಟೊಕಾಂಡ್ರಿಯ ಇಲ್ಲ, ಒಳಗೆ ಬೇರಾವ ಪೊರೆಯೂ ಇಲ್ಲ. ಅದರಿಂದ ತೆಗೆದ ಕೊಬ್ಬೆಲ್ಲ ಹೊರಪೊರೆಯದ್ದೇ ಎಂದು ಲೆಕ್ಕ ಹಿಡಿಯಬಹುದು. ಎಣಿಸಿಟ್ಟುಕೊಂಡ ಕಣಗಳ ಕೊಬ್ಬನ್ನು ಅಸಿಟೋನ್‌ನಲ್ಲಿ ಕರಗಿಸಿ ತೆಗೆದು, ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಅದು ಹರಡಿಕೊಂಡ ಜಾಗ ಕಣಗಳ ಒಟ್ಟು ಮೇಲ್ಮೈಯ ಎರಡರಷ್ಟು ಬಂತು. ಅಂದಮೇಲೆ ಪೊರೆಯಲ್ಲಿ ಕೊಬ್ಬಿನ ಅಣುಗಳು ಎರಡು ಪದರವಾಗಿ ಕೂತಿರಬೇಕು. ತಮಾಷೆಯೆಂದರೆ ಅವರು ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೇಲ್ಮೈಯನ್ನೂ ಕಡಿಮೆ ಅಂದಾಜು ಮಾಡಿದ್ದರು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿ ಬಂತು.

ಈ ಕೊಬ್ಬಿನ ಅಣುವಿಗೆ ಒಂದು ತಲೆ, ಎರಡು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಆಗದು. ನೀರಿನಲ್ಲಿ ಬಿಟ್ಟರೆ ಸಾಕು, ಬಾಲಗಳನ್ನು ಒಳಗೆ ಬಚ್ಚಿಟ್ಟು ತಲೆಗಳನ್ನು ಹೊರಗಿಟ್ಟು ತಾವಾಗಿಯೇ ಇಮ್ಮಡಿ ಹಾಳೆಯಾಗುತ್ತವೆ, ಯಾರೂ ಹೆಣೆಯಬೇಕಿಲ್ಲ. ದಪ್ಪ ಏಳೆಂಟು ನ್ಯಾನೋಮೀಟರ್. ನೀವು ಓದುತ್ತಿರುವ ಹಾಳೆಯ ದಪ್ಪಕ್ಕೆ ಇಂಥ ಹತ್ತು ಸಾವಿರ ಪೊರೆಗಳನ್ನು ಪೇರಿಸಬೇಕಾದೀತು. ಪೊರೆ ಗಟ್ಟಿ ಗೋಡೆಯಲ್ಲ, ಕೊಬ್ಬಿನ ಅಣುಗಳು ಅದರಲ್ಲಿ ಸದಾ ಜಾಗ ಬದಲಿಸುತ್ತಾ ಹರಿದಾಡುತ್ತವೆ, ಪ್ರೋಟೀನುಗಳು ನಡುನಡುವೆ ತೇಲುತ್ತವೆ ಎಂಬ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟರು. ನಮ್ಮ ನೋಟ್‌ಬುಕ್ಕಿನ ಪೆನ್ಸಿಲ್ ಗೆರೆ ಇದೇ.

ಎಣ್ಣೆಯಂಥ ಈ ಪದರದಲ್ಲಿ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಸಲೀಸಾಗಿ ದಾಟುತ್ತವೆ. ಸೋಡಿಯಂ ಅಯಾನಿಗೆ ಸಾಧ್ಯವಿಲ್ಲ, ಅದಕ್ಕೆ ವಿದ್ಯುದಂಶವಿದೆ. ಗ್ಲೂಕೋಸಿಗೂ ಆಗದು, ಅದು ದೊಡ್ಡದು, ನೀರನ್ನು ಬಿಟ್ಟು ಬರಲೊಲ್ಲದು. ಇವು ಒಳಬರಬೇಕಾದರೆ ಪೊರೆಯಲ್ಲಿ ತಮಗೆಂದೇ ಇರುವ ಪ್ರೋಟೀನಿನ ಮೂಲಕವೇ ಬರಬೇಕು. ಯಾವ ಕೋಶದ ಪೊರೆಯಲ್ಲಿ ಯಾವ ಪ್ರೋಟೀನು ಎಷ್ಟಿದೆ ಎನ್ನುವುದರ ಮೇಲೆ ಆ ಕೋಶದ ಯೋಗ್ಯತೆ ನಿಂತಿದೆ.

ಅಂಥ ಪ್ರೋಟೀನುಗಳಲ್ಲಿ ಒಂದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದಲ್ಲಿ ಯೆನ್ಸ್ ಸ್ಕೌ ಎಂಬ ವೈದ್ಯ ಏಡಿಗಳ ಕಾಲಿನ ನರಗಳನ್ನು ಅರೆದು ನೋಡುತ್ತಿದ್ದ. ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ಒಡೆಯುವ ಒಂದು ಕಿಣ್ವ ಅದರಲ್ಲಿತ್ತು. ವಿಚಿತ್ರವೆಂದರೆ ಸೋಡಿಯಂ, ಪೊಟ್ಯಾಸಿಯಂ ಎರಡೂ ಒಟ್ಟಿಗೆ ಇದ್ದಾಗ ಅದರ ಕೆಲಸ ಜೋರಾಗುತ್ತಿತ್ತು. 1957ರಲ್ಲಿ ಪ್ರಕಟವಾದ ಈ ಸಂಗತಿಗೆ ಸ್ಕೌಗೆ ನೊಬೆಲ್ ಬಂದದ್ದು ನಲವತ್ತು ವರ್ಷದ ನಂತರ, 1997ರಲ್ಲಿ. ಆ ಕಿಣ್ವವೇ ಪೊರೆಯಲ್ಲಿರುವ ಪಂಪು. ಒಂದು ಎಟಿಪಿ ಅಣುವನ್ನು ಖರ್ಚು ಮಾಡಿ ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ಹಾಕುತ್ತದೆ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಹಗಲೂ ರಾತ್ರಿ, ನಮ್ಮ ದೇಹದ ಹೆಚ್ಚುಕಮ್ಮಿ ಎಲ್ಲ ಕೋಶಗಳಲ್ಲೂ ಇದೇ ಕೆಲಸ. ಪರಿಣಾಮವಾಗಿ ಕೋಶದ ಹೊರಗಿನ ದ್ರವದಲ್ಲಿ ಸೋಡಿಯಂ ಒಳಗಿರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಪೊಟ್ಯಾಸಿಯಂ ಒಳಗೆ, ಹೊರಗಿರುವುದಕ್ಕಿಂತ ಮೂವತ್ತು ಪಟ್ಟು. ಸುಮ್ಮನೆ ಕೂತಿರುವಾಗಲೂ ನಮ್ಮ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಈ ಪಂಪುಗಳಿಗೇ ಹೋಗುತ್ತದೆ.

ಇಷ್ಟು ದುಬಾರಿ ಕೆಲಸದಿಂದ ಕೋಶಕ್ಕೆ ಸಿಗುವುದೇನು? ತೋಟದ ಮನೆಯಲ್ಲಿ ಕರೆಂಟ್ ಇದ್ದಾಗ ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ನೀರು ತುಂಬಿಸಿಕೊಳ್ಳುತ್ತೇವಲ್ಲ, ಅದೇ. ಖರ್ಚು ಏರಿಸುವಾಗ, ಆಮೇಲೆ ನಲ್ಲಿ ತಿರುಗಿಸಿದರೆ ನೀರು ತಾನಾಗಿ ಇಳಿಯುತ್ತದೆ. ಹೊರಗೆ ಕೂಡಿಬಿದ್ದ ಸೋಡಿಯಂ ಕೂಡ ಒಳಗೆ ಇಳಿಯಲು ಸದಾ ತುದಿಗಾಲಲ್ಲಿ ಇರುತ್ತದೆ. ಆ ಇಳಿಯುವಿಕೆಯನ್ನೇ ಕೋಶ ಬೇರೆ ಕೆಲಸಗಳಿಗೆ ಬಳಸಿಕೊಳ್ಳುತ್ತದೆ.

ಕರುಳಿನ ಕೋಶದಲ್ಲಿ ಪಂಪು ಇರುವುದು ಪಕ್ಕ ಮತ್ತು ಬುಡದ ಪೊರೆಯಲ್ಲಿ ಮಾತ್ರ. ತಲೆಯ ಪೊರೆಯಲ್ಲಿ ಇಲ್ಲ. ಅಲ್ಲಿ ಇರುವುದು ಬೇರೊಂದು ಪ್ರೋಟೀನು. 1960ರ ಆಗಸ್ಟಿನಲ್ಲಿ ಪ್ರಾಗ್ ನಗರದ ಒಂದು ವಿಚಾರಸಂಕಿರಣದಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಒಂದು ಊಹೆ ಮುಂದಿಟ್ಟ: ಕರುಳು ಗ್ಲೂಕೋಸನ್ನು ಹೀರಿಕೊಳ್ಳುವುದು ಸೋಡಿಯಂ ಜೊತೆಗೂಡಿಸಿಕೊಂಡು. ಊಹೆ ನಿಜವಾಯಿತು. ಆ ಪ್ರೋಟೀನಿಗೆ ಕರುಳಿನ ಟೊಳ್ಳಿನಿಂದ ಎರಡು ಸೋಡಿಯಂ ಅಯಾನು, ಒಂದು ಗ್ಲೂಕೋಸ್ ಅಣು ಅಂಟಿಕೊಳ್ಳಬೇಕು. ಆಗ ಅದು ಆಕಾರ ಬದಲಿಸಿ ಒಳಮುಖವಾಗಿ ತೆರೆದು ಮೂರನ್ನೂ ಒಳಗೆ ಬಿಡುತ್ತದೆ. ಸೋಡಿಯಂ ಒಂದೇ ಬಂದರೆ ಪ್ರಯೋಜನವಿಲ್ಲ, ಗ್ಲೂಕೋಸ್ ಒಂದೇ ಬಂದರೂ ಇಲ್ಲ. ಇದನ್ನು ಜೋಡಿ ದ್ವಾರ ಎನ್ನೋಣ. ಒಳಬಂದ ಸೋಡಿಯಂ ಅನ್ನು ಬುಡದ ಪಂಪು ರಕ್ತದ ಕಡೆಗೆ ತಳ್ಳುತ್ತದೆ. ಗ್ಲೂಕೋಸ್ ಬುಡದ ಇನ್ನೊಂದು ಪ್ರೋಟೀನಿನ ಮೂಲಕ ಅದೇ ಕಡೆ ಇಳಿದುಹೋಗುತ್ತದೆ. ಉಪ್ಪು, ಸಕ್ಕರೆ ಎರಡೂ ಆಚೆ ಸೇರಿದ ಮೇಲೆ ನೀರಿಗೆ ಬೇರೆ ದಾರಿಯಿಲ್ಲ. ಕರಗಿದ ವಸ್ತು ಎಲ್ಲಿ ಹೆಚ್ಚೋ ಅಲ್ಲಿಗೆ ನೀರು ಹರಿಯುತ್ತದೆ. ಉಪ್ಪು ಹಚ್ಚಿಟ್ಟ ಮಾವಿನಕಾಯಿ ಹೋಳು ನೀರು ಬಿಡುವುದೂ ಇದೇ ನಿಯಮದಿಂದ.

ದಿನವೊಂದಕ್ಕೆ ಕರುಳಿಗೆ ಬರುವ ನೀರು ಸುಮಾರು 9 ಲೀಟರ್. ನಾವು ಕುಡಿದು ತಿಂದದ್ದರಿಂದ ಬರುವುದು ಎರಡು ಲೀಟರ್ ಅಷ್ಟೇ. ಉಳಿದದ್ದು ಜೊಲ್ಲು, ಜಠರರಸ, ಪಿತ್ತ, ಕರುಳಿನದೇ ರಸ. ಮಲದಲ್ಲಿ ಹೊರಹೋಗುವುದು ಒಂದು ಲೋಟಕ್ಕಿಂತ ಕಡಿಮೆ. ಮಿಕ್ಕಿದ್ದೆಲ್ಲ ವಾಪಸ್ ದೇಹಕ್ಕೆ. ಒಂದು ಪದರ ಕೋಶಗಳ ದಿನಗೂಲಿ ಇದು.

ಸರಿ, ಪಂಪನ್ನು ಬುಡದಲ್ಲೂ ಜೋಡಿ ದ್ವಾರವನ್ನು ತಲೆಯಲ್ಲೂ ತಂದು ಕೂರಿಸಿದ್ದು ಯಾರು? ಈಗ ಒಳಗಿನ ಸಾಮಾನಿನ ಸರದಿ.

ಕೋಶಕೇಂದ್ರದಲ್ಲಿ ಡಿಎನ್‌ಎ ಇದೆ. ಎಳೆದು ನೇರ ಮಾಡಿದರೆ ಒಂದು ಕೋಶದ ಡಿಎನ್‌ಎ ಎರಡು ಮೀಟರ್ ಉದ್ದ; ಅದು ತುರುಕಿಕೊಂಡಿರುವ ಕೋಶಕೇಂದ್ರದ ಅಗಲ ಮಿಲಿಮೀಟರಿನ ನೂರನೇ ಒಂದು ಭಾಗದ ಒಳಗೆ. ಮಿದುಳಿನ ಕೋಶದಲ್ಲೂ ಕರುಳಿನ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಎಲ್ಲಿ ಯಾವ ಪುಟ ತೆರೆದಿದೆ ಎನ್ನುವುದು ಬೇರೆ. ಕರುಳಿನ ಕೋಶ ಜೋಡಿ ದ್ವಾರದ ಪುಟ ತೆರೆದು ಅದರ ಆರ್‌ಎನ್‌ಎ ಪ್ರತಿ ತೆಗೆದು ಹೊರಗೆ ಕಳಿಸುತ್ತದೆ. ರೈಬೋಸೋಮುಗಳು ಆ ಪ್ರತಿಯನ್ನು ಮೂರು ಮೂರು ಅಕ್ಷರದಂತೆ ಓದಿ ಅಮೈನೋ ಆಮ್ಲಗಳನ್ನು ಪೋಣಿಸುತ್ತವೆ. ಪೊರೆಗೆ ಹೋಗಬೇಕಾದ ಪ್ರೋಟೀನಾದರೆ ಪೋಣಿಸುವ ಕೆಲಸ ನಡೆಯುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಮಡಿಕೆ ಮಡಿಕೆಯಾದ ಒಳಪೊರೆಯ ಮೇಲೆ. ಹೆಸರು ಉದ್ದವಾಯಿತು, ಒಳಜಾಲ ಎನ್ನೋಣ. ಪ್ರೋಟೀನು ಒಳಜಾಲದಲ್ಲೇ ಸರಿಯಾದ ಆಕಾರಕ್ಕೆ ಮಡಿಚಿಕೊಳ್ಳಬೇಕು. ತಪ್ಪಾಗಿ ಮಡಿಚಿಕೊಂಡದ್ದನ್ನು ಒಳಜಾಲ ಆಚೆ ದಬ್ಬುತ್ತದೆ, ಹೊರಗೆ ಅದನ್ನು ಚೂರು ಮಾಡುವ ವ್ಯವಸ್ಥೆ ಕಾದಿರುತ್ತದೆ. ಸರಿಯಾದದ್ದು ಕೋಶಿಕೆ ಎಂಬ ಪೊರೆಯ ಪುಟ್ಟ ಚೀಲದಲ್ಲಿ ಕೂತು ಗಾಲ್ಗಿಗೆ ಹೋಗುತ್ತದೆ. ಅಲ್ಲಿ ಸಕ್ಕರೆಯ ಸರಗಳು ಅಂಟುತ್ತವೆ, ಯಾವುದು ತಲೆಗೆ ಯಾವುದು ಬುಡಕ್ಕೆ ಎಂಬ ವಿಂಗಡಣೆಯಾಗುತ್ತದೆ, ಆಮೇಲೆ ಪೊರೆಗೆ ರವಾನೆ.

ಗಾಲ್ಗಿಯದ್ದು ಒಂದು ಕಥೆ. ಇಟಲಿಯ ಕ್ಯಾಮಿಲ್ಲೋ ಗಾಲ್ಗಿ 1898ರಲ್ಲಿ ಗೂಬೆಯ ನರಕೋಶಗಳಿಗೆ ಬೆಳ್ಳಿಯ ಲವಣದ ಬಣ್ಣ ಕಟ್ಟಿ ಇದನ್ನು ಕಂಡ. ಅದು ಬಣ್ಣದಿಂದಾದ ಕಲೆ, ಕೋಶದಲ್ಲಿ ಅಂಥದ್ದೇನೂ ಇಲ್ಲ ಎಂದು ವಾದಿಸುವವರು ಅರ್ಧ ಶತಮಾನ ಕಾಲ ಇದ್ದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಜಗಳ ನಿಂತಿತು.

ಎಲ್ಲದರ ಖರ್ಚಿಗೆ ಎಟಿಪಿ ಬೇಕು. 1929ರಲ್ಲಿ ಇದನ್ನು ಸ್ನಾಯುವಿನಿಂದ ಬೇರ್ಪಡಿಸಿ ತೆಗೆದವರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಒಬ್ಬ. ಅದೇ ಹೊತ್ತಿಗೆ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆ ಕೆಲಸ ಮಾಡುತ್ತಿದ್ದ, ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್ ಇನ್ನೊಬ್ಬರು. ಬಹುಪಾಲು ಎಟಿಪಿ ತಯಾರಾಗುವುದು ಮೈಟೊಕಾಂಡ್ರಿಯಗಳಲ್ಲಿ. ಒಂದು ದಿನದಲ್ಲಿ ನಮ್ಮ ದೇಹ ಕಟ್ಟಿ, ಒಡೆದು, ಮತ್ತೆ ಕಟ್ಟುವ ಎಟಿಪಿಯನ್ನೆಲ್ಲ ಕೂಡಿದರೆ ಅದರ ತೂಕ ಹೆಚ್ಚುಕಮ್ಮಿ ನಮ್ಮ ತೂಕದಷ್ಟೇ ಆಗುತ್ತದೆ. ಮೈಟೊಕಾಂಡ್ರಿಯಕ್ಕೆ ಎರಡು ಪೊರೆ, ತನ್ನದೇ ಪುಟ್ಟ ಉಂಗುರದಾಕಾರದ ಡಿಎನ್‌ಎ, ತನ್ನದೇ ರೈಬೋಸೋಮು. ಇವು ಒಂದಾನೊಂದು ಕಾಲದಲ್ಲಿ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಗಳು ಎಂದು ಲಿನ್ ಮಾರ್ಗುಲಿಸ್ 1967ರಲ್ಲಿ ಬರೆದಳು. ಆ ಲೇಖನ ಅಚ್ಚಾಗುವ ಮೊದಲು ಹತ್ತಕ್ಕೂ ಹೆಚ್ಚು ಪತ್ರಿಕೆಗಳಿಂದ ವಾಪಸ್ ಬಂದಿತ್ತು.

ಇನ್ನು ಬೇರೊಂದು ಬಗೆಯ ಜೀವಕೋಶದ ಪ್ರವೇಶ. ಕಾಲರಾದ ವಿಬ್ರಿಯೋ ಎರಡು ಮೈಕ್ರೋಮೀಟರ್ ಉದ್ದದ, ಕೊಂಚ ಬಾಗಿದ ಬ್ಯಾಕ್ಟೀರಿಯ. ಹಿಂದೊಂದು ಬಾಲ, ಈಜುವುದಕ್ಕೆ. ಅದಕ್ಕೂ ಪೊರೆಯಿದೆ, ಡಿಎನ್‌ಎ ಇದೆ, ರೈಬೋಸೋಮ್ ಇದೆ, ಎಟಿಪಿಯೂ ಇದೆ. ಕೋಶಕೇಂದ್ರ ಇಲ್ಲ, ಒಳಜಾಲ ಇಲ್ಲ, ಮೈಟೊಕಾಂಡ್ರಿಯ ಇಲ್ಲ. ಡಿಎನ್‌ಎ ಕೋಶದ್ರವದಲ್ಲೇ ಸುರುಳಿ ಸುತ್ತಿಕೊಂಡಿರುತ್ತದೆ. ಅದರ ರೈಬೋಸೋಮು ನಮ್ಮದಕ್ಕಿಂತ ಚಿಕ್ಕದು, ರಚನೆಯಲ್ಲೂ ಬೇರೆ. ಕಾಲರಾಗೆ ಕೊಡುವ ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯದ ರೈಬೋಸೋಮನ್ನು ಕಟ್ಟಿಹಾಕಿ ನಮ್ಮದನ್ನು ಬಹುಮಟ್ಟಿಗೆ ಬಿಡುವುದು ಈ ವ್ಯತ್ಯಾಸದಿಂದ. ಆ ಚಿಕ್ಕ ರೈಬೋಸೋಮಿನ ಕಿರಿಯ ಅರ್ಧದ ಅಣುರಚನೆಯನ್ನು 2000ದಲ್ಲಿ ಬಿಡಿಸಿಟ್ಟವರಲ್ಲಿ ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಒಬ್ಬರು. ಡಾಕ್ಸಿಸೈಕ್ಲಿನ್‌ನ ಬಳಗದ್ದೇ ಆದ ಟೆಟ್ರಾಸೈಕ್ಲಿನ್ ಅದರಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎನ್ನುವುದನ್ನೂ ಅವರ ತಂಡ ತೋರಿಸಿತು. 2009ರ ನೊಬೆಲ್‌ನಲ್ಲಿ ಅವರಿಗೆ ಪಾಲು ಬಂತು.

ವಿಬ್ರಿಯೋ ಕರುಳಿನ ಕೋಶದ ಒಳಗೆ ಹೋಗುವುದಿಲ್ಲ. ಹೊರಗೆ ಅಂಟಿಕೊಂಡು ಒಂದು ವಿಷ ಬಿಡುತ್ತದೆ. ಬಹಳ ಕಾಲ ಈ ವಿಷದ ವಿಚಾರ ಯಾರ ಕೈಗೂ ಸಿಕ್ಕಿರಲಿಲ್ಲ. ರಾಬರ್ಟ್ ಕೋಖ್ 1884ರಲ್ಲಿ ಕಲ್ಕತ್ತಾದಲ್ಲಿ ಈ ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸಿದ್ದ; ವಿಷವೊಂದು ಇರಬೇಕು ಎಂದೂ ಹೇಳಿದ್ದ. ಅದನ್ನು ತೋರಿಸಿಕೊಟ್ಟವರು ಅದೇ ಕಲ್ಕತ್ತಾದ ಶಂಭುನಾಥ ಡೇ. ಹಿಂದಿನವರು ಪ್ರಾಣಿಗಳ ರಕ್ತಕ್ಕೆ ಚುಚ್ಚಿ ನೋಡಿ ಕೈಚೆಲ್ಲಿದ್ದರು. ಡೇ ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಬ್ಯಾಕ್ಟೀರಿಯ ಬೆಳೆದಿದ್ದ ದ್ರವವನ್ನು ಬ್ಯಾಕ್ಟೀರಿಯ ಒಂದೂ ಉಳಿಯದ ಹಾಗೆ ಸೋಸಿ, ಆ ತುಂಡಿನೊಳಗೆ ಬಿಟ್ಟರು. ಕಟ್ಟಿದ ಕರುಳು ನೀರು ತುಂಬಿ ಉಬ್ಬಿತು. 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಆ ಲೇಖನದ ಬೆಲೆ ನಮ್ಮ ದೇಶಕ್ಕೆ ತಡವಾಗಿ ತಿಳಿಯಿತು. ಬದುಕಿದ್ದಾಗ ಡೇ ಅವರಿಗೆ ಇಲ್ಲಿ ದೊಡ್ಡ ಗೌರವವೇನೂ ಸಿಗಲಿಲ್ಲ. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ.

ವಿಷವೂ ಒಂದು ಪ್ರೋಟೀನೇ. ಐದು ಒಂದೇ ಬಗೆಯ ತುಂಡುಗಳ ಉಂಗುರ, ಅದರ ಮೇಲೆ ಕೂತ ಆರನೆಯ ತುಂಡು. ಅದರ ವಂಶವಾಹಿ ವಿಬ್ರಿಯೋದ ಸ್ವಂತದ್ದೂ ಅಲ್ಲ, ಬ್ಯಾಕ್ಟೀರಿಯಗಳಿಗೆ ತಗುಲುವ ಒಂದು ವೈರಸ್ ತಂದುಕೊಟ್ಟದ್ದು ಎಂದು 1996ರಲ್ಲಿ ತಿಳಿಯಿತು. ಉಂಗುರ ಕರುಳಿನ ಕೋಶದ ತಲೆಯ ಪೊರೆಯಲ್ಲಿರುವ ಒಂದು ಕೊಬ್ಬಿನ ಅಣುವನ್ನು ಹಿಡಿದುಕೊಳ್ಳುತ್ತದೆ. ಪೊರೆ ಒಳಮಡಿಚಿ ಕೋಶಿಕೆಯಾಗಿ ಅದನ್ನು ಒಳಗೆ ಒಯ್ಯುತ್ತದೆ. ಇಂಥ ಕೋಶಿಕೆಗಳು ಸಾಮಾನ್ಯವಾಗಿ ಲೈಸೋಸೋಮ್ ಎಂಬ ಜೀರ್ಣಚೀಲಕ್ಕೆ ಹೋಗಿ, ಒಳಗಿನದ್ದು ಜೀರ್ಣವಾಗಿ ಮುಗಿಯುತ್ತದೆ. ಈ ವಿಷ ಅಲ್ಲಿಂದ ತಪ್ಪಿಸಿಕೊಂಡು ಗಾಲ್ಗಿಗೆ ಹೋಗುತ್ತದೆ, ಗಾಲ್ಗಿಯಿಂದ ಒಳಜಾಲಕ್ಕೆ. ಮೇಲೆ ಹೇಳಿದ ರವಾನೆಯ ದಾರಿಯಲ್ಲಿ ಪೂರ್ತಿ ಉಲ್ಟಾ ಪ್ರಯಾಣ. ಒಳಜಾಲದಲ್ಲಿ ಆರನೆಯ ತುಂಡಿನ ಮುಖ್ಯ ಭಾಗ ಕಳಚಿಕೊಂಡು, ತಪ್ಪಾಗಿ ಮಡಿಚಿದ ಪ್ರೋಟೀನಿನ ವೇಷ ಹಾಕುತ್ತದೆ. ಒಳಜಾಲ ಅದನ್ನು ನಂಬಿ, ತನ್ನ ನಿಯಮದಂತೆ ಹೊರಗೆ ದಬ್ಬುತ್ತದೆ. ಹೊರಗೆ ಚೂರು ಮಾಡುವ ವ್ಯವಸ್ಥೆ ಕಾದಿದೆ, ನಿಜ. ಅಲ್ಲಿಗೆ ಹೋಗುವ ಪ್ರೋಟೀನಿಗೆ ಗುರುತಿನ ಚೀಟಿ ಅಂಟಿಸುವುದು ಲೈಸಿನ್ ಎಂಬ ಅಮೈನೋ ಆಮ್ಲದ ಮೇಲೆ. ಈ ತುಂಡಿನಲ್ಲಿ ಲೈಸಿನ್ ಬಲು ಕಡಿಮೆ. ಚೀಟಿ ಅಂಟುವುದಿಲ್ಲ, ಅದು ಉಳಿದುಕೊಳ್ಳುತ್ತದೆ. ಇಷ್ಟೊಂದು ಕೋಶವಿಜ್ಞಾನ ಬಲ್ಲ ಅಣು ಇನ್ನೊಂದಿದ್ದರೆ ಅದರ ಬಗ್ಗೆಯೂ ಓದಲು ನನಗೆ ಆಸೆ.

ಬಿಡುಗಡೆಯಾದ ತುಂಡು ಪೊರೆಯ ಒಳಮೈಯಲ್ಲಿರುವ ಒಂದು ಸಂದೇಶವಾಹಕ ಪ್ರೋಟೀನನ್ನು 'ಆನ್' ಸ್ಥಿತಿಯಲ್ಲೇ ಜಾಮ್ ಮಾಡುತ್ತದೆ. ಮಾಮೂಲಿಯಾಗಿ ಅದು ಕ್ಷಣಕಾಲ ಆನ್ ಆಗಿ ತಾನೇ ಆಫ್ ಆಗಬೇಕು. ಆಫ್ ಆಗದಿದ್ದಾಗ ಕೋಶದೊಳಗೆ ಒಂದು ಸಂಕೇತದ ಅಣು ವಿಪರೀತ ಏರುತ್ತದೆ. ತಲೆಯ ಪೊರೆಯ ಕ್ಲೋರೈಡ್ ನಾಲೆಗಳು ತೆರೆದುಕೊಳ್ಳುತ್ತವೆ, ಮುಖ್ಯವಾಗಿ ವಿಲ್ಲೈಗಳ ಬುಡದ ಹಳ್ಳಗಳಲ್ಲಿರುವ ಕೋಶಗಳಲ್ಲಿ. ಕ್ಲೋರೈಡ್ ಕರುಳಿಗೆ ಸುರಿಯುತ್ತದೆ, ಕೋಶಗಳ ಸಂದಿಯಿಂದ ಸೋಡಿಯಂ ಅದರ ಹಿಂದೆ, ಅವೆರಡರ ಹಿಂದೆ ನೀರು. ಅದೇ ಹೊತ್ತಿಗೆ ವಿಲ್ಲೈಗಳ ಕೋಶಗಳಲ್ಲಿ ಬರೀ ಉಪ್ಪು ಒಳಬರುವ ಮಾಮೂಲಿ ದಾರಿ ಮುಚ್ಚುತ್ತದೆ. ಅಕ್ಕಿ ತೊಳೆದ ನೀರಿನಂಥ ಭೇದಿ, ತೀವ್ರವಾದಾಗ ಗಂಟೆಗೆ ಒಂದು ಲೀಟರಿನ ತನಕ. ಚಿಕಿತ್ಸೆಯಿಲ್ಲದಿದ್ದರೆ ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರು ಸಂಜೆಗೆ ಇಲ್ಲ.

ಕಾಲರಾದಲ್ಲಿ ಕರುಳಿನ ಒಳಪದರವೇ ಸುಲಿದುಹೋಗುತ್ತದೆ ಎಂದು ವೈದ್ಯರು ನಂಬಿದ್ದ ಕಾಲವಿತ್ತು. ಸುಲಿದ ಕರುಳಿಗೆ ಕುಡಿಸಿ ಏನು ಫಲ ಎಂದು ನರಕ್ಕೆ ಸಲೈನ್ ಏರಿಸುವುದೊಂದೇ ದಾರಿಯಾಗಿತ್ತು. 1960ರಲ್ಲಿ ಬ್ಯಾಂಕಾಕ್‌ನಲ್ಲಿ ಯೂಜಿನ್ ಗ್ಯಾಂಗರೋಸಾ ಮತ್ತಿತರರು ರೋಗಿಗಳ ಕರುಳಿನ ಚೂರು ತೆಗೆದು ನೋಡಿದರೆ ಪದರ ಇದ್ದ ಹಾಗೇ ಇತ್ತು. ಕೋಶ ಸತ್ತಿಲ್ಲ. ಪಂಪು ಓಡುತ್ತಿದೆ, ಮೈಟೊಕಾಂಡ್ರಿಯಗಳು ಎಟಿಪಿ ಕೊಡುತ್ತಿವೆ. ತಲೆಯ ಮೇಲಿನ ಸೋಡಿಯಂ ಗ್ಲೂಕೋಸ್ ಜೋಡಿ ದ್ವಾರವನ್ನು ವಿಷ ಮುಟ್ಟಿಯೇ ಇಲ್ಲ.

ಕ್ರೇನ್ ಪ್ರಾಗ್‌ನಲ್ಲಿ ಹೇಳಿದ್ದಕ್ಕೂ ಗ್ಯಾಂಗರೋಸಾ ಬ್ಯಾಂಕಾಕ್‌ನಲ್ಲಿ ಕಂಡದ್ದಕ್ಕೂ ಗಂಟು ಬೀಳಲು ಕೆಲವು ವರ್ಷ ಹಿಡಿಯಿತು. ಕಲ್ಕತ್ತಾದ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಕಾಲರಾ ರೋಗಿಗಳಿಗೆ ಗ್ಲೂಕೋಸ್ ಸೇರಿಸಿದ ಉಪ್ಪುನೀರು ಕುಡಿಸಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದರು. ಆಗ ಯಾರೂ ಕಿವಿಗೊಡಲಿಲ್ಲ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಮತ್ತು ಜೊತೆಗಾರರು ಅಳತೆ ಹಿಡಿದು ಪ್ರಯೋಗ ಮಾಡಿ ತೋರಿಸಿದರು. ನಿಜವಾದ ಪರೀಕ್ಷೆ 1971ರಲ್ಲಿ ಬಂತು. ಬಾಂಗ್ಲಾ ವಿಮೋಚನೆಯ ಯುದ್ಧದಿಂದ ಓಡಿಬಂದ ನಿರಾಶ್ರಿತರ ನಡುವೆ, ಗಡಿಯ ಬನಗಾಂವ್‌ನಲ್ಲಿ ಕಾಲರಾ. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು, ಸಲೈನ್ ಬಾಟಲಿಗಳು ಮುಗಿಯುತ್ತಾ ಬಂದಿವೆ. ಡಾ. ದಿಲೀಪ್ ಮಹಲನಬಿಸ್ ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಲೆಕ್ಕದಲ್ಲಿ ಪೊಟ್ಟಣ ಕಟ್ಟಿಸಿದರು, ಡ್ರಮ್ಮುಗಳಲ್ಲಿ ನೀರಿಗೆ ಕಲಸಿಟ್ಟರು. ಕುಡಿಸುವ ಕೆಲಸವನ್ನು ರೋಗಿಯ ಮನೆಯವರಿಗೇ ಒಪ್ಪಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಅವರು ತೀರಿಕೊಂಡ ಮೇಲೆ ಸರ್ಕಾರ ಪದ್ಮವಿಭೂಷಣ ಕೊಟ್ಟಿತು.

ಈಗಿನ ಪೊಟ್ಟಣದಲ್ಲಿ ಗ್ಲೂಕೋಸ್ ಇನ್ನೂ ಕಡಿಮೆ. ಕಾರಣ ಮತ್ತೆ ಆ ಪೊರೆಯೇ. ಜೋಡಿ ದ್ವಾರಗಳು ಒಯ್ಯಬಲ್ಲದಕ್ಕಿಂತ ಹೆಚ್ಚು ಸಕ್ಕರೆ ಕರುಳಿನಲ್ಲಿ ಉಳಿದರೆ, ಅದೇ ರಕ್ತದ ಕಡೆಯಿಂದ ನೀರನ್ನು ಎಳೆದು ಭೇದಿ ಹೆಚ್ಚಿಸುತ್ತದೆ. ಮಗುವಿಗೆ ಭೇದಿಯಾದಾಗ ಬಣ್ಣದ ಸಿಹಿ ಪಾನೀಯ ಕುಡಿಸಬೇಡಿ ಎಂದು ವೈದ್ಯರು ಬೈಯುವುದು ಇದಕ್ಕೇ. ಉಪ್ಪು ಹಾಕಿದ ಅಕ್ಕಿ ಗಂಜಿ ಅದಕ್ಕಿಂತ ಎಷ್ಟೋ ವಾಸಿ. ಅದರ ಪಿಷ್ಟ ಒಮ್ಮೆಗೇ ಗ್ಲೂಕೋಸ್ ಆಗುವುದಿಲ್ಲ. ಕಿಣ್ವಗಳು ಕತ್ತರಿಸಿದಂತೆಲ್ಲ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುತ್ತದೆ, ಬಂದದ್ದು ಬಂದಂತೆ ದ್ವಾರ ಸೇರುತ್ತದೆ. ನಮ್ಮ ಅಜ್ಜಿಯಂದಿರಿಗೆ ಸೋಡಿಯಂ ಗೊತ್ತಿರಲಿಲ್ಲ, ಗಂಜಿಗೆ ಉಪ್ಪು ಎಷ್ಟು ಎಂದು ಗೊತ್ತಿತ್ತು.

ಓಆರ್‌ಎಸ್ ವಿಷವನ್ನು ತೆಗೆಯುವುದಿಲ್ಲ. ಜಾಮ್ ಆದ ಪ್ರೋಟೀನು ಆ ಕೋಶ ಇರುವವರೆಗೂ ಜಾಮ್ ಆಗಿಯೇ ಇರಬಹುದು. ಹಾಗಿದ್ದರೂ ಭೇದಿ ಕೆಲವೇ ದಿನದಲ್ಲಿ ನಿಲ್ಲುತ್ತದೆ, ಯಾಕೆಂದರೆ ಈ ಕೋಶಗಳ ಆಯುಷ್ಯವೇ ಮೂರರಿಂದ ಐದು ದಿನ. ಹಳ್ಳದ ತಳದಲ್ಲಿರುವ ಕೆಲವು ಮೂಲಕೋಶಗಳು ಬಿಡುವಿಲ್ಲದೆ ಒಡೆಯುತ್ತವೆ: 46 ವರ್ಣತಂತುಗಳ ಪ್ರತಿ ತೆಗೆದು, ಎರಡು ಪಾಲು ಮಾಡಿ, ನಡುವೆ ಪೊರೆಯನ್ನು ಒಳಕ್ಕೆ ಬಿಗಿದು ಎರಡಾಗುತ್ತವೆ. ಒಂದು ಅಲ್ಲೇ ಉಳಿದರೆ ಇನ್ನೊಂದು ಮೇಲಕ್ಕೆ ಸರಿಯುತ್ತದೆ. ಸರಿಯುತ್ತಾ ಸರಿಯುತ್ತಾ ಕಂಬದ ಆಕಾರ ತಾಳಿ, ತಲೆಯಲ್ಲಿ ಜೋಡಿ ದ್ವಾರಗಳನ್ನೂ ಬುಡದಲ್ಲಿ ಪಂಪುಗಳನ್ನೂ ಕೂರಿಸಿಕೊಂಡು ಕೆಲಸಕ್ಕೆ ನಿಲ್ಲುತ್ತದೆ. ವಿಲ್ಲೈನ ತುದಿ ಮುಟ್ಟಿದ ಮೇಲೆ ಪಕ್ಕದ ಕೋಶಗಳು ಸಂದು ಬಿಡದಂತೆ ಒತ್ತಿ ಅದನ್ನು ಕಳಚಿ ಹಾಕುತ್ತವೆ. ವಿಷ ತಾಗಿದ್ದೂ ತಾಗದ್ದೂ ಹೀಗೇ ಉದುರುತ್ತವೆ. ಬ್ಯಾಕ್ಟೀರಿಯ ತೊಲಗಿದ ಮೇಲೆ ಹುಟ್ಟಿ ಬಂದವುಗಳಲ್ಲಿ ವಿಷವಿರುವುದಿಲ್ಲ. ವೈದ್ಯರಿಗೆ ಬೇಕಾದದ್ದು ಆ ಮೂರೋ ನಾಲ್ಕೋ ದಿನ ದೇಹದಲ್ಲಿ ನೀರು ನಿಲ್ಲಿಸಿಕೊಳ್ಳುವ ಉಪಾಯ ಅಷ್ಟೇ. ಹೀಗೆ ಬೇಗ ಬೇಗ ಒಡೆಯುವ ಕೋಶಗಳಿಗೆ ಸತು ಬೇಕು, ಭೇದಿಯಲ್ಲಿ ಅದೂ ಸೋರಿಹೋಗುತ್ತದೆ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಗುವಿಗೆ ಓಆರ್‌ಎಸ್ ಜೊತೆ ಸತುವಿನ ಮಾತ್ರೆಯನ್ನೂ ಕೊಡುತ್ತಾರೆ. ಭೇದಿ ನಿಂತಿತೆಂದು ಅದನ್ನು ಬಿಡಬಾರದು, 14 ದಿನ ಪೂರ್ತಿ ಕೊಡಬೇಕು.